ಮಡ್ಡಿ ಡಬ್ಬ

ನಮ್ಮೂರಲ್ಲಿ ಒಲೆ ಹಚ್ಚುವ ಹೆಂಗಸಿನ ಮೈಬಣ್ಣವೇ ಮನೆಯ ಬಣ್ಣ. ಮನೆಯ ಹೊರಗೋಡೆಗೆ ಬೇರೆ ಏನು ಬಳಿದರೂ ಸಂಜೆಯೊಳಗೆ ಚಕ್ಕೆ ಎದ್ದು ಉದುರಿಹೋಗುತ್ತದೆ. ಮೇಲಿನ ಬೀದಿಯ ದೊಡ್ಡಮನೆಯವರು ಒಮ್ಮೆ ಪರವೂರಿಂದ ಬಣ್ಣ ತರಿಸಿ ಮೂರು ಸಲ ಬಳಿಸಿ ನೋಡಿದರು. ಮೂರು ಸಲವೂ ಗೋಡೆ ಉಗುಳಿತು. ಆಮೇಲೆ ಜನ ಗೋಡೆಯ ಜೊತೆ ಜಗಳ ಬಿಟ್ಟು ಹೆಂಗಸರ ಜೊತೆ ಶುರು ಮಾಡಿದರು. ಹೆಣ್ಣು ನೋಡಲು ಹೋದವರು ಹುಡುಗಿಯ ಕೆನ್ನೆ ನೋಡುತ್ತಾ ತಮ್ಮ ಗೋಡೆ ನೆನೆಸಿಕೊಳ್ಳುತ್ತಾರೆ. ಬೆಳ್ಳಗಿನ ಸೊಸೆ ಬಂದ ದಿನವೇ ಅತ್ತೆಯನ್ನು ಒಲೆ ಮುಂದಿನಿಂದ ಎಬ್ಬಿಸುತ್ತಾರೆ. ಬಣ್ಣ ಬಳಿಯುವ ತಿಂಗಳು ಹತ್ತಿರ ಬಂದರೆ ಮೇಲಿನ ಬೀದಿಯ ಹೆಂಗಸರು ಬಿಸಿಲಿಗೇ ಬರುವುದಿಲ್ಲ. ಅವರ ಬಟ್ಟೆ ಒಣಹಾಕಲಿಕ್ಕೂ ನಮ್ಮ ಓಣಿಯವರೇ ಹೋಗಬೇಕು.

ನಮ್ಮದು ಕೆಳಗಿನ ಓಣಿ. ನಮ್ಮ ಮುತ್ತಾತಂದಿರನ್ನು ಎಲ್ಲಿಂದಲೋ ಗಾಡಿಯಲ್ಲಿ ತುಂಬಿಕೊಂಡು ಬಂದು ಗಣಿಗೆ ಇಳಿಸಿದರಂತೆ. ಗಣಿ ಮುಚ್ಚಿತು, ನಾವು ಉಳಿದೆವು. ನಮ್ಮ ಓಣಿಯ ಗೋಡೆಗಳು ಬಣ್ಣ ಹಿಡಿಯುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿರುವ ಮಾತು. ವರ್ಷಕ್ಕೊಮ್ಮೆ ನಮಗೂ ಬಳಿಯುತ್ತಾರೆ, ಸಂಜೆಗೆ ಮುಕ್ಕಾಲು ಉದುರುತ್ತದೆ, ಉಳಿದದ್ದು ವರ್ಷಪೂರ್ತಿ ಒಂದೊಂದೇ ಚಕ್ಕೆಯಾಗಿ ಬೀಳುತ್ತಿರುತ್ತದೆ. ಗೋಡೆ ಉದುರಿದರೆ ಆ ಮನೆಯ ಹೆಂಗಸಿನ ಮೈಯೇ ಸರಿಯಿಲ್ಲ ಅನ್ನುತ್ತಾರೆ. ಅವ್ವ ಅದನ್ನು ನಂಬಿದ್ದಳು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಪೊರಕೆ ಹಿಡಿದು ಗೋಡೆಯ ಬುಡ ಗುಡಿಸಿ, ಚಕ್ಕೆಗಳನ್ನು ಮೊರಕ್ಕೆ ತುಂಬಿ, ಯಾರೂ ನೋಡದ ಹಾಗೆ ಹಿತ್ತಲಲ್ಲಿ ಹೂಳುತ್ತಿದ್ದಳು, ಏನೋ ಕದ್ದವಳ ಹಾಗೆ. ಹೋದ ವರ್ಷ ಜ್ವರದಲ್ಲಿ ಅವ್ವ ತೀರಿಕೊಂಡಳು. ಅವತ್ತಿನಿಂದ ಒಲೆ ಹಚ್ಚುವವಳು ನನ್ನ ತಂಗಿ ಹೊನ್ನೂರಿ. ಅವಳಿಗೆ ಹದಿನೈದು. ವರ್ಷದ ಎಡೆ ಇಟ್ಟ ಮೇಲೆ ಬರುವ ಎರಡನೇ ಸೋಮವಾರ ಮನೆಗೆ ಅವಳ ಬಣ್ಣ ಬಳಿಯಬೇಕು. ಆ ಸೋಮವಾರಕ್ಕೆ ಮುಂಚಿನ ಹನ್ನೊಂದು ದಿನ ನಾನು ಹೇಗೆ ಕಳೆದೆ ಅಂತ ನನಗೆ ಗೊತ್ತು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಪ್ಪ ಹೇಳದೆ ಕೇಳದೆ ಊರು ಬಿಟ್ಟ ವರ್ಷ ಮುರಿಗೆಪ್ಪ ಸಾಹುಕಾರ್ರ ಬಣ್ಣದ ಅಂಗಡಿ ಸೇರಿದೆ, ಎಂಟು ವರ್ಷವಾಯಿತು. ಸಾಹುಕಾರ್ರು ಮನೆಮನೆಗೆ ಹೋಗಿ ಹೆಂಗಸರ ಕೆನ್ನೆ ಪಕ್ಕ ಬಣ್ಣದ ಪಟ್ಟಿ ಹಿಡಿದು ಹೊಂದಿಸುತ್ತಾರೆ. ಕಲಸುವುದು, ಬಳಿಯುವುದು ನಾನು. ಪಟ್ಟಿಗಳು ಒಟ್ಟು ನಲವತ್ತು. ಕೆನೆ, ಹಸಿ ಗೋದಿ, ಹುರಿದ ಗೋದಿ, ಹೀಗೆ ಹೆಸರು. ಕೆನೆಯೊಂದರಲ್ಲೇ ಒಂಬತ್ತು ಬಗೆ, ಒಂದಕ್ಕೂ ಇನ್ನೊಂದಕ್ಕೂ ಅರ್ಧ ಚಿಟಿಕೆ ಹಳದಿ ಮಣ್ಣಿನ ವ್ಯತ್ಯಾಸ. ಅದು ತಪ್ಪಿದರೆ ಸಾಹುಕಾರ್ರು ಬಕೆಟ್ಟನ್ನೇ ಒದ್ದು ಮತ್ತೆ ಕಲಸು ಅನ್ನುತ್ತಾರೆ. ಜೇನು ಅನ್ನುವ ಪಟ್ಟಿಗೆ ಬಂದರೆ ಪಟ್ಟಿಗಳೇ ಮುಗಿಯುತ್ತವೆ. ಅದರಾಚೆಯವರಿಗೆಲ್ಲ ಒಂದೇ ಡಬ್ಬ. ದಿನದ ಕೊನೆಗೆ ಬಕೆಟುಗಳ ತಳದಲ್ಲಿ ಉಳಿದದ್ದನ್ನೆಲ್ಲ ಅದಕ್ಕೆ ಸುರಿದು, ಮೇಲಿಷ್ಟು ಮಸಿ ಹಾಕಿ ಕೋಲಾಡಿಸಿದರೆ ಕೆಳಗಿನ ಓಣಿಗೆ ಬಣ್ಣ ತಯಾರು. ಅದರ ಹೆಸರು ಮಡ್ಡಿ ಡಬ್ಬ. ಅದನ್ನು ಹೊತ್ತು ಓಡಾಡುವವನಾದ್ದರಿಂದ ನನಗೂ ಊರಲ್ಲಿ ಮಡ್ಡಿ ಅಂತಲೇ ಹೆಸರು. ಪೆನ್ನಪ್ಪ ಅಂತ ಕರೆಯುವವರು ಇಬ್ಬರೋ ಮೂವರೋ.

ಮನೆಯ ಮೂಲೆಯಲ್ಲಿ ಒಂದು ಮಡಕೆ ಸುಣ್ಣ ಇಟ್ಟಿರುತ್ತೇನೆ. ಎಡೆ ಇಟ್ಟ ಎರಡನೇ ದಿನ ಮುಚ್ಚಳ ತೆಗೆದರೆ ಸುಣ್ಣ ಕಮ್ಮಿಯಾಗಿತ್ತು. ಬಹಳ ಅಲ್ಲ, ಬೆರಳಿನಿಂದ ಬಳಿದುಕೊಂಡಷ್ಟು. ಮೂರನೇ ದಿನ ಇನ್ನೊಂದಿಷ್ಟು. ಎಂಟು ವರ್ಷ ಸುಣ್ಣ ಕಲಸಿದ ಕೈ ನನ್ನದು, ಮಡಕೆಯಲ್ಲಿ ಎಷ್ಟಿತ್ತು ಎಷ್ಟಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಇಲಿ ಸುಣ್ಣ ತಿನ್ನುವುದಿಲ್ಲ. ಮನೆಯಲ್ಲಿರುವುದು ನಾವಿಬ್ಬರು. ಬಣ್ಣವನ್ನು ತಿಳಿ ಮಾಡಬೇಕಾದರೆ ಸುಣ್ಣ ಹಾಕಬೇಕು ಅನ್ನುವುದು ನಮ್ಮ ಮನೆಯಲ್ಲಿ ಬೆಳೆದ ಹುಡುಗಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಣ್ಣ ಚರ್ಮವನ್ನು ಏನು ಮಾಡುತ್ತದೆ ಅಂತ ನನ್ನ ಕಾಲಿನ ಬೆರಳ ಸಂದಿ ನೋಡಿದರೆ ಸಾಕು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ, ನಮ್ಮ ಅಂಗಡಿಯ ಹಳೇ ಕೆಲಸದವನೊಬ್ಬ ಹಾಗೆಯೇ ಒಕ್ಕಣ್ಣನಾದ.

ಆಮೇಲೆ ನಾನು ಅವಳನ್ನೇ ನೋಡತೊಡಗಿದೆ. ಬೆಳಿಗ್ಗೆ ಒಲೆ ಊದುವಾಗ ಬೆಂಕಿಯ ಬೆಳಕಲ್ಲಿ ಅವಳ ಕೆನ್ನೆ ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಆದರೆ ಅಷ್ಟು ಸೆಕೆಯಲ್ಲೂ ತುಂಬುತೋಳಿನ ರವಿಕೆ ಹಾಕಿಕೊಂಡಿದ್ದಳು. ಐದನೇ ದಿನ ರೊಟ್ಟಿ ತಟ್ಟುವಾಗ ತೋಳು ಮೇಲೆ ಸರಿಯಿತು. ಮುಂಗೈಯ ಒಳಮೈಮೇಲೆ ಕೆಂಪಗೆ ಸುಟ್ಟ ಗುರುತು, ಪಕ್ಕದಲ್ಲಿ ಒಣಗಿದ ಬಿಳಿ. ಏನದು ಅಂದೆ. ಒಲೆ ತಾಕಿತು ಅಂದಳು. ಒಲೆ ತಾಕಿದರೆ ಬಿಳಿ ಯಾಕೆ ಬರುತ್ತದೆ ಅಂತ ಕೇಳಲು ನನಗೆ ಧೈರ್ಯವಾಗಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟರೆ? ಮಡಕೆಯನ್ನು ಎತ್ತಿ ಅಟ್ಟದ ಮೇಲಿಟ್ಟೆ. ಮರುದಿನ ಏಣಿ ಜಾಗ ಬದಲಾಗಿತ್ತು.

ಇದಕ್ಕೆಲ್ಲ ಕಾರಣ ಆ ಪುಸ್ತಕ ಅಂತ ನಾನು ತೀರ್ಮಾನಿಸಿದೆ. ಈ ವರ್ಷ ಹತ್ತನೇ ಕ್ಲಾಸಿಗೆ ಒಂದು ಕಾದಂಬರಿ ಇಟ್ಟಿದ್ದರು. ಹೊನ್ನೂರಿ ಅದನ್ನು ಒಲೆ ಮುಂದೆ, ನಲ್ಲಿ ಸಾಲಿನಲ್ಲಿ, ಎಲ್ಲೆಂದರಲ್ಲಿ ಓದುತ್ತಿದ್ದಳು. ಓದಿದ ಪುಟವನ್ನೇ ಮತ್ತೆ ಓದುತ್ತಿದ್ದಳು. ಒಂದು ದಿನ ಅವಳು ನೀರಿಗೆ ಹೋದಾಗ ಅದನ್ನು ಅಂಗಿಯೊಳಗೆ ತುರುಕಿಕೊಂಡು ಅಂಗಡಿಗೆ ಹೋದೆ. ಮಧ್ಯಾಹ್ನ ಸಾಹುಕಾರ್ರು ಊಟಕ್ಕೆ ಹೋದ ಮೇಲೆ ಸುಣ್ಣದ ಮೂಟೆಗಳ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದೆ. ನನ್ನ ಓದು ನಿಧಾನ. ಮೂರು ಮಧ್ಯಾಹ್ನ ಬೇಕಾಯಿತು. ಪುಸ್ತಕ ಎಲ್ಲಿ ಅಂತ ಅವಳು ಕೇಳಲಿಲ್ಲ, ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ಎಲ್ಲೋ ಸಮುದ್ರದಾಚೆಯ ಊರು. ಅಲ್ಲಿಗೂ ಕೆಲವರನ್ನು ಹಿಂದೊಮ್ಮೆ ಹಡಗಿನಲ್ಲಿ ತುಂಬಿಕೊಂಡು ಬಂದು ಇಳಿಸಿದ್ದರು. ಅವರ ಪೈಕಿ ಒಬ್ಬಳು ಒಂಬತ್ತು ವರ್ಷದ ಹುಡುಗಿ, ಅವಳ ತಾಯಿ ಬಿಳಿಯರ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು. ವರ್ಷಕ್ಕೊಮ್ಮೆ ಶಾಲೆಯಲ್ಲಿ ಎಲ್ಲ ಮಕ್ಕಳನ್ನೂ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಪ್ರತಿ ಫೋಟೋದಲ್ಲೂ ಎಲ್ಲರ ಮುಖ ಬರುತ್ತದೆ, ಈ ಹುಡುಗಿಯದು ಮಾತ್ರ ಬರುವುದಿಲ್ಲ. ಅವಳ ಜಾಗದಲ್ಲಿ ಶಾಯಿ ಚೆಲ್ಲಿದ ಹಾಗೆ ಒಂದು ಮಚ್ಚೆ. ಹುಡುಗರು ಆ ಮಚ್ಚೆಗೊಂದು ಹೆಸರಿಟ್ಟು ಅವಳನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಇಲ್ಲಿಗೆ ಬಂದಾಗ ನನ್ನ ಕಿವಿ ಬಿಸಿಯಾಯಿತು. ಮೂರನೇ ಮಧ್ಯಾಹ್ನ, ಪುಸ್ತಕದ ಅರ್ಧದಲ್ಲಿ, ಫೋಟೋದ ಹಿಂದಿನ ದಿನ ಆ ಹುಡುಗಿ ತಾಯಿ ಬಟ್ಟೆ ಬಿಳಿ ಮಾಡಲು ಕಲಸಿಟ್ಟ ಪುಡಿಯ ತೊಟ್ಟಿಯ ಮುಂದೆ ಕೂತು, ಕಣ್ಣು ಮುಚ್ಚಿ, ಉಸಿರು ಕಟ್ಟಿ, ಮುಖವನ್ನು ಅದರೊಳಗೆ ಅದ್ದುತ್ತಾಳೆ.

ಮುಂದೆ ಓದಲಿಲ್ಲ. ಅಂಗಡಿ ಬಾಗಿಲು ಹಾಗೇ ತೆಗೆದಿಟ್ಟು ಶಾಲೆಗೆ ಓಡಿದೆ. ಸೋಮವಾರಕ್ಕೆ ಇನ್ನು ಎರಡೇ ದಿನ ಇತ್ತು.

ನಾನು ಬಿಟ್ಟಾಗ ಹೇಗಿತ್ತೋ ಶಾಲೆ ಹಾಗೇ ಇತ್ತು. ಕ್ಲಾಸಿನ ಬಾಗಿಲಲ್ಲಿ ನಿಂತಾಗ ಹಿಂದಿನ ಬೆಂಚಿನಿಂದ ಯಾವನೋ ಮೆಲ್ಲಗೆ, ಮಡ್ಡಿ ಬಂತು ನೋಡ್ರೋ, ಅಂದ. ನಾಲ್ಕು ಜನ ನಕ್ಕರು. ಹೊನ್ನೂರಿ ಕಿಟಕಿಯ ಪಕ್ಕ ಕೂತಿದ್ದಳು, ಮುಖ ಇನ್ನೂ ಮುಖವಾಗಿಯೇ ಇತ್ತು. ಅದನ್ನು ನೋಡಿ ಸಮಾಧಾನವಾಗುವ ಬದಲು ಸಿಟ್ಟು ನೆತ್ತಿಗೇರಿತು. ಕನ್ನಡ ಹೇಳುವ ವಾರಿಜಾ ಟೀಚರ್ ಮೇಲಿನ ಬೀದಿಯವರು, ಅವರ ಮನೆಗೆ ಎರಡನೇ ಕೆನೆ ಕಲಸಿದವನು ನಾನೇ. ಒಳ್ಳೆಯ ಹೆಂಗಸು, ಏರಿದ ದನಿಯಲ್ಲಿ ಯಾರಿಗೂ ಬೈದವರಲ್ಲ. ನನ್ನನ್ನು ನೋಡಿ, ನೀವು ಹೊನ್ನೂರಿ ಅಣ್ಣ ಅಲ್ವಾ, ನಾನೇ ಕರೆಸಬೇಕು ಅಂತಿದ್ದೆ, ಅಂದರು.

ನಾನು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ. "ಏನ್ ಕಲಿಸ್ತಿದೀರಿ ಟೀಚರ್ ನಮ್ಮ ಹುಡುಗಿಗೆ? ಮುಖ ಸುಟ್ಕೊಳ್ಳೋದನ್ನ ಕಲಿಸ್ತಿದೀರಾ?"

ಅವರಿಗೆ ಅರ್ಥವಾಗಲಿಲ್ಲ. ಪುಸ್ತಕ ತೆಗೆದು ನೋಡಿ ಓ ಇದಾ ಅಂದರು. "ಅದು ದೂರದ ದೇಶದ ಕಥೆ ಪೆನ್ನಪ್ಪ. ಅಲ್ಲಿಯ ಜನರ ಕಷ್ಟ. ನಮ್ಮೂರಿಗೂ ಅದಕ್ಕೂ ಏನು ಸಂಬಂಧ? ಪರೀಕ್ಷೆಗೆ ಇಪ್ಪತ್ತು ಮಾರ್ಕು, ಅಷ್ಟೇ."

ಸಂಬಂಧ ಏನು ಅಂತ ನಾನು ಹೇಳಿದೆ. ಏನೇನು ಹೇಳಿದೆ ಅಂತ ಈಗ ಪೂರ್ತಿ ನೆನಪಿಲ್ಲ. ಮನೆಯ ಸುಣ್ಣದ ಮಡಕೆಯ ವಿಷಯ, ತಂಗಿಯ ಕೈಯ ಗಾಯದ ವಿಷಯ, ಎಲ್ಲವನ್ನೂ ನಲವತ್ತು ಹುಡುಗ ಹುಡುಗಿಯರ ಮುಂದೆ ಕಿರುಚಿದೆ. ಈ ಪುಸ್ತಕ ಇಟ್ಟವರ ಮಕ್ಕಳ ಮುಖಕ್ಕೆ ಸುಣ್ಣ ಹಾಕಿ ಅಂದೆ. ಎಲ್ಲರೂ ಹೊನ್ನೂರಿಯ ಕೆನ್ನೆಯನ್ನೇ ನೋಡುತ್ತಿದ್ದರು. ಅವಳು ಎದ್ದು ನಿಂತಳು, ಚೀಲ ಹೆಗಲಿಗೆ ಹಾಕಿಕೊಂಡಳು, ನನ್ನನ್ನು ದಾಟಿ ಹೊರಗೆ ಹೋದಳು. ಟೀಚರ್ ಪಾಪ ಬೆವರುತ್ತಿದ್ದರು. ನಾನು ಕರೆಸಬೇಕು ಅಂದದ್ದು ಇದಕ್ಕೆ ಅಂತ ಒಂದು ಉತ್ತರಪತ್ರಿಕೆ ಕೊಟ್ಟರು. ಹುಡುಗಿ ಚುರುಕಿದ್ದಾಳೆ, ಆದರೆ ಕೇಳಿದ್ದಕ್ಕೆ ಉತ್ತರ ಬರೆಯುವುದಿಲ್ಲ, ಪರೀಕ್ಷೆಯಲ್ಲಿ ಹೀಗಾದರೆ ಕಷ್ಟ, ಸ್ವಲ್ಪ ಹೇಳಿ ಅಂದರು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಓಡಿದೆ.

ಬೀದಿ ಉದ್ದಕ್ಕೂ ಅವಳು ಹತ್ತು ಮಾರು ಮುಂದೆಯೇ ನಡೆದಳು. ಕೆನೆ ಮನೆಗಳು ದಾಟಿದವು, ಗೋದಿ ಮನೆಗಳು ದಾಟಿದವು. ನಮ್ಮ ಓಣಿಯ ಬಾಯಲ್ಲಿ ಒಮ್ಮೆಲೇ ನಿಂತು ತಿರುಗಿದಳು. ಅಳುತ್ತಿದ್ದಾಳೆ ಅಂದುಕೊಂಡಿದ್ದೆ, ಅಳುತ್ತಿರಲಿಲ್ಲ.

"ಎಲ್ಲೀವರೆಗೆ ಓದಿದೆ?"

ತೊಟ್ಟಿಯವರೆಗೆ ಅಂದೆ.

"ನೀನು ಯಾವಾಗಲೂ ಅರ್ಧಕ್ಕೇ ಬಿಡ್ತೀಯಲ್ಲ ಅಣ್ಣ." ಸಿಟ್ಟಿಲ್ಲದೆ ಹೇಳಿದಳು, ಅದಕ್ಕೇ ನಾಟಿತು. ತೊಟ್ಟಿಯ ನಂತರವೇ ಪುಸ್ತಕ ಇರುವುದು ಅಂದಳು. ಹುಡುಗಿಯ ಮುಖ ಬೆಂದು ಹಾಸಿಗೆ ಹಿಡಿಯುತ್ತಾಳಂತೆ. ಮಲಗಿದ್ದಲ್ಲಿಂದ ಅವಳಿಗೆ ಕಾಣುವುದು ಇಸ್ತ್ರಿ ಮಾಡುವ ತಾಯಿಯ ತೋಳು ಒಂದೇ. ಬೇರೆ ಕೆಲಸವಿಲ್ಲದೆ ಆ ತೋಳನ್ನೇ ನೋಡುತ್ತಾಳೆ. ಮೊಣಕೈ ಒಂದು ಬಣ್ಣ, ಮಣಿಕಟ್ಟು ಒಂದು, ಬೆವರಿದಾಗ ಇನ್ನೊಂದು, ಕೆಂಡದ ಬೆಳಕು ಬಿದ್ದ ಕಡೆ ಮತ್ತೊಂದು. ಹಾಗೆ ಒಂದೂವರೆ ಪುಟ ಇದೆ. ಆಮೇಲೆ ಹುಡುಗಿಗೆ ಅನುಮಾನ ಬರುತ್ತದೆ, ತಪ್ಪು ಮುಖದ್ದಲ್ಲ, ಫೋಟೋದವನು ಪೆಟ್ಟಿಗೆಯನ್ನು ಬಿಳಿ ಮುಖಕ್ಕೆ ಮಾತ್ರ ಹೊಂದಿಸಿಟ್ಟಿದ್ದಾನೆ ಅಂತ.

ಇಷ್ಟು ಹೇಳಿ ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಮನೆಯ ಹಿಂಗೋಡೆಗೆ ಸೌದೆ ಒಟ್ಟಿದ್ದೆವು. ಅದನ್ನು ಸರಿಸಿದಳು. ಗೋಡೆಯ ಮೇಲೆ ಅಂಗೈಯಷ್ಟಗಲದ ಬಣ್ಣದ ಗುರುತುಗಳು, ಇಪ್ಪತ್ತಕ್ಕೂ ಮೇಲಿದ್ದವು. ಹೆಚ್ಚಿನವು ಉದುರಿ ಅಂಚು ಮಾತ್ರ ಉಳಿದಿದ್ದವು. ಕೆಳಗೆ ಸಾಲಾಗಿ ತೆಂಗಿನ ಚಿಪ್ಪುಗಳು: ಕೆಮ್ಮಣ್ಣು, ಹಳದಿ ಮಣ್ಣು, ಬಟ್ಟೆಗೆ ಹಾಕುವ ನೀಲಿ, ಒಲೆಯ ಮಸಿ. ಒಂದರಲ್ಲಿ ನನ್ನ ಸುಣ್ಣ. ಸುಣ್ಣವಿಲ್ಲದೆ ಯಾವ ಬಣ್ಣವೂ ಗೋಡೆಗೆ ಕಚ್ಚುವುದಿಲ್ಲ, ಕಪ್ಪಾದರೂ ಅಷ್ಟೇ. ಇದು ನನಗಲ್ಲದೆ ಯಾರಿಗೆ ಗೊತ್ತಿರಬೇಕಿತ್ತು. ಕಲಸಿದ್ದನ್ನು ಮೊದಲು ಮುಂಗೈಗೆ ಹಚ್ಚಿ, ಚರ್ಮದೊಳಗೆ ಮಾಯವಾಗುತ್ತದೋ ಇಲ್ಲವೋ ನೋಡಿ, ಆಮೇಲೆ ಗೋಡೆಗೆ ಹಚ್ಚುತ್ತಿದ್ದಳಂತೆ. ಗಾಯ ಆದದ್ದು ಹಾಗೆ.

ನಡುವೆ ಒಂದು ಗುರುತು ಹಾಗೇ ನಿಂತಿತ್ತು. ಮುಟ್ಟಿದೆ, ಬೆರಳಿಗೆ ಹತ್ತಲಿಲ್ಲ. ಆರು ದಿನವಾಯಿತು ಅಂದಳು. ಅವಳ ಕೈಯನ್ನು ಪಕ್ಕದಲ್ಲಿಟ್ಟಳು. ಕೈ ಎಲ್ಲಿ ಮುಗಿಯಿತು ಗೋಡೆ ಎಲ್ಲಿ ಶುರುವಾಯಿತು ಅಂತ ನಾನು ಹುಡುಕಬೇಕಾಯಿತು.

"ಇದು?" ಅಂತ ಪಕ್ಕದ ಉದುರಿದ ಗುರುತು ತೋರಿಸಿದೆ. ಅದಕ್ಕೆ ಮಾತ್ರ ಅವಳು ಸುತ್ತ ಇದ್ದಿಲಿನಲ್ಲಿ ಗೆರೆ ಎಳೆದಿದ್ದಳು.

"ಅದು ಅವ್ವಂದು. ನೆನಪಿನ ಮೇಲೆ ಕಲಸಿದ್ದು. ಎರಡು ದಿನ ನಿಂತಿತ್ತು ಅಣ್ಣ. ಆಮೇಲೆ ಉದುರಿತು. ಅವಳಿಲ್ಲ ಅಂತ ಗೋಡೆಗೆ ಗೊತ್ತಾಯ್ತೇನೋ."

ನಾನು ಅಲ್ಲೇ ಸೌದೆಯ ಮೇಲೆ ಕೂತೆ. ಏಳು ವರ್ಷ, ಏಳು ಸಲ, ಅವ್ವನ ಗೋಡೆಗೆ ಮಡ್ಡಿ ಡಬ್ಬದಿಂದ ಬಳಿದ ಕೈ ನನ್ನದು. ಮೊದಲನೇ ವರ್ಷ ಸಾಹುಕಾರ್ರನ್ನು ಕೇಳಿದ್ದೆ, ನಮ್ಮ ಓಣಿಯ ಪಟ್ಟಿ ಎಲ್ಲಿ ಅಂತ. ಕಪ್ಪಿಗೆ ಎಂಥ ಪಟ್ಟಿಯೋ, ಕಪ್ಪು ಅಂದ್ರೆ ಕಪ್ಪು, ಅಂದಿದ್ದರು. ಸರಿ ಅಂದುಕೊಂಡೆ. ಕೆನೆಯಲ್ಲಿ ಒಂಬತ್ತು ಬಗೆ ಕಾಣುವ ಕಣ್ಣಿಗೆ ಹೆತ್ತವಳ ಬಣ್ಣ ಕಾಣಲಿಲ್ಲ. ಗೋಡೆ ಉದುರಿದಾಗ ನಾನೂ ಊರವರ ಹಾಗೆ ಗೋಡೆಯನ್ನೇ ಬೈದೆ. ಅವ್ವ ಮೈಯನ್ನು ಬೈದುಕೊಂಡಳು. ಪೊರಕೆ ಹಿಡಿದು ಬಗ್ಗಿದ ಅವಳ ಬೆನ್ನು ದಾಟಿಕೊಂಡೇ ನಾನು ದಿನಾ ಕೆಲಸಕ್ಕೆ ಹೋಗುತ್ತಿದ್ದೆ.

ಜೇಬಿನ ಉತ್ತರಪತ್ರಿಕೆ ತೆಗೆದು ಬಿಡಿಸಿದೆ. ಕಥಾನಾಯಕಿಯ ತಾಯಿಯ ಬಣ್ಣ ಯಾವುದು, ಒಂದು ಅಂಕ, ಅಂತ ಪ್ರಶ್ನೆ. ಹೊನ್ನೂರಿ ಅದಕ್ಕೆ ಒಂದೂವರೆ ಪುಟ ಬರೆದಿದ್ದಳು. ಪುಸ್ತಕದ ತಾಯಿಯಿಂದ ಶುರುವಾದದ್ದು ಮೂರನೇ ಸಾಲಿಗೆ ನಮ್ಮ ಅವ್ವನ ಬಳಿ ಬಂದಿತ್ತು. ಒದ್ದೆ ಹುಣಸೆಬೀಜ, ಹೆಂಚಿನ ಮೇಲೆ ಆಗಷ್ಟೇ ಕಂದುತ್ತಿರುವ ರಾಗಿ, ಕುತ್ತಿಗೆಯ ಹಿಂದೆ ಕತ್ತಲು, ಮೊಣಕಾಲಲ್ಲಿ ಬೂದಿ, ಅಂಗೈ ಮಾತ್ರ ಬೆಳಗಿನ ಹೊತ್ತು. ಟೀಚರ್ ಎಲ್ಲದರ ಮೇಲೂ ಒಂದು ಗೀಟು ಎಳೆದು, ಸೊನ್ನೆ ಹಾಕಿ, ಕೆಂಪು ಶಾಯಿಯಲ್ಲಿ ಬರೆದಿದ್ದರು: ಒಂದು ಪದದಲ್ಲಿ ಉತ್ತರಿಸಿ. ಕಪ್ಪು.

ಸೋಮವಾರ ಬೆಳಿಗ್ಗೆ ಸಾಹುಕಾರ್ರು ಛತ್ರಿ ಹಿಡಿದು ಬಂದರು. ನಮ್ಮ ಓಣಿಗೆ ಬರುವಾಗ ಅವರು ಪಟ್ಟಿಗಳ ಚೀಲ ತರುವುದಿಲ್ಲ. ಹೊನ್ನೂರಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ತಿರುಗದೆಯೇ, ಡಬ್ಬ ಎಲ್ಲೋ, ಬೇಗ ಮುಗಿಸು, ಮೇಲಿನ ಬೀದಿಯಲ್ಲಿ ಎರಡು ಮನೆ ಇದೆ, ಅಂದರು.

"ಹುಡುಗಿ ಕೈ ನೋಡ್ರಿ ಸಾಹುಕಾರ್ರೆ," ಅಂದೆ.

"ನೋಡೋದೇನಿದೆ ಅದರಲ್ಲಿ."

"ನೋಡ್ರಿ ಅಂದೆ."

ನನ್ನ ದನಿ ಕೇಳಿ ಎದುರುಮನೆಯ ಯಂಕಮ್ಮಜ್ಜಿ ಹೊರಗೆ ಬಂದಳು. ಸಾಹುಕಾರ್ರು ನನ್ನ ಮುಖ ನೋಡಿದರು, ಹುಡುಗಿಯ ಕೈ ನೋಡಲಿಲ್ಲ. ನಾನು ಮಡ್ಡಿ ಡಬ್ಬ ಎತ್ತಿ ಚರಂಡಿಗೆ ಸುರಿದೆ. ಅದರೊಳಗಿಂದ ಊರಿನ ಎಲ್ಲ ಕೆನೆ, ಎಲ್ಲ ಗೋದಿ ಮಸಿಯ ಜೊತೆ ಕಲೆತು ಹರಿದುಹೋಯಿತು. ಸಾಹುಕಾರ್ರು ಬೈಯಲಿಲ್ಲ. ಉದುರಿದ ಮೇಲೆ ಬಾ, ಮಾತಾಡೋಣ, ಅಂದು ಛತ್ರಿ ತಿರುಗಿಸಿಕೊಂಡು ಹೋದರು. ಕೆಲಸ ಹೋಯಿತು ಅಂತ ನನಗೆ ಗೊತ್ತಾಯಿತು. ಗೋಡೆ ನಿಲ್ಲದಿದ್ದರೆ ಈ ಹುಡುಗಿಯೂ ಅವ್ವನ ಹಾಗೆ ಪೊರಕೆ ಹಿಡಿದು ಬಗ್ಗುತ್ತಾಳೆ ಅನ್ನುವುದೂ ಗೊತ್ತಿತ್ತು. ಚಿಪ್ಪಿನಲ್ಲಿ ಹೊಂದಿದ್ದು ಬಕೆಟ್ಟಿನಲ್ಲಿ ಹೊಂದುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ. ಹೊನ್ನೂರಿ ಅಳತೆ ಹೇಳಿದಳು, ನಾನು ಕಲಸಿದೆ. ಎರಡು ಸಲ ತಪ್ಪಿತು. ಮೂರನೇ ಸಲ ಅವಳು ಮುಂಗೈಗೆ ಹಚ್ಚಲು ಹೋದಾಗ ತಡೆದು ನನ್ನ ಕೈ ಒಡ್ಡಿದೆ. ನಿನ್ನದು ಬೇರೆ ಅಣ್ಣ, ಇನ್ನೂ ಸ್ವಲ್ಪ ಕೆಂಪು, ಅಂದು ನಕ್ಕಳು. ಅಷ್ಟೂ ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಬಳಿದು ಮುಗಿಯುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಆಮೇಲೆ ಕಾಯುವುದು. ಓಣಿಯವರು ಒಬ್ಬೊಬ್ಬರಾಗಿ ಬಂದು ಎದುರಿನ ಜಗಲಿಯ ಮೇಲೆ ಕೂತರು. ಗಾಳಿ ಬೀಸಿದಾಗೆಲ್ಲ ನಾನು ಎದ್ದು ಗೋಡೆಯ ಬುಡ ನೋಡುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಕಿಟಕಿಯ ಕೆಳಗೆ ಒಂದು ಕಡೆ ಉಬ್ಬಿದ ಹಾಗೆ ಕಂಡಿತು. ಓಡಿ ಹೋಗಿ ನೋಡಿದರೆ ನೊಣ ಕೂತಿತ್ತು. ಯಂಕಮ್ಮಜ್ಜಿ ಕುಲುಕಿ ಕುಲುಕಿ ನಕ್ಕಳು, ನನಗೆ ನಗು ಬರಲಿಲ್ಲ. ಬಿಸಿಲು ಇಳಿಯಿತು. ಉದುರುವ ಹೊತ್ತು ಬಂತು, ಹೋಯಿತು. ಗೋಡೆ ನಿಂತೇ ಇತ್ತು. ಎಲ್ಲರೂ ಎದ್ದು ಹೋದರು, ನಂಬಲು ಇನ್ನೊಂದು ಬೆಳಗು ಬೇಕು ಅನ್ನುವವರ ಹಾಗೆ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಹೊರಗೆ ಪೊರಕೆಯ ಸದ್ದು ಕೇಳಿತು. ಎದ್ದು ಬಂದೆ. ಹೊನ್ನೂರಿ ಗೋಡೆಯ ಬುಡದಲ್ಲಿ ಅವ್ವನ ಪೊರಕೆ ಹಿಡಿದು ನಿಂತಿದ್ದಳು. ಅಭ್ಯಾಸ, ಅಂದಳು. ನೆಲದ ಮೇಲೆ ಬೇವಿನ ಎಲೆ ನಾಲ್ಕು ಇದ್ದವು, ಅಷ್ಟೇ. ಗೋಡೆಯ ಮೇಲೆ ಬೆಳಗಿನ ಬಿಸಿಲು ಬಿದ್ದು, ಅವಳು ಎಲ್ಲಿ ನಿಂತಿದ್ದಾಳೆ ಅಂತ ಮೊದಲು ರವಿಕೆಯಿಂದಲೇ ಗುರುತು ಸಿಕ್ಕಿತು.

ಯಂಕಮ್ಮಜ್ಜಿ ರಸ್ತೆ ದಾಟಿ ಬಂದಳು. ಎಪ್ಪತ್ತು ವರ್ಷ ಗೋಡೆ ಗುಡಿಸಿದವಳು. ಏನೂ ಕೇಳದೆ ಸೀರೆಯ ಸೆರಗು ಹಿಂದಕ್ಕೆ ಹಾಕಿ ತೋಳನ್ನು ನನ್ನ ಮುಂದೆ ಚಾಚಿದಳು. ಹೊನ್ನೂರಿ ಒಳಗಿಂದ ಚಿಪ್ಪುಗಳನ್ನು ತಂದಿಟ್ಟಳು. ನಾನು ಕುಕ್ಕರಗಾಲಲ್ಲಿ ಕೂತೆ. ಕೈ ತಾನಾಗಿ ಮಸಿಯ ಚಿಪ್ಪಿಗೆ ಹೋಯಿತು.

ಹೊನ್ನೂರಿ ನನ್ನ ಮಣಿಕಟ್ಟು ಹಿಡಿದಳು.

"ಮೊದಲು ನೋಡು," ಅಂದಳು.